ನಮ್ಮ ಮನೆಯವರ ಹೃದಯ, ನಮ್ಮ ಮನೆಯವರ ಹಲ್ಲು

ಮನೆಯಲ್ಲಿ ಒಬ್ಬರಿಗೆ ಹೃದಯದ ಕಾಯಿಲೆ ಇದ್ದರೆ ಉಳಿದವರು ಮೆತ್ತಗೆ ಮಾತಾಡುತ್ತಾರಂತೆ. ಶಹಾಬಾದಿನ ನಮ್ಮ ಮನೆಯಲ್ಲಿ ಅದು ಸಾಧ್ಯವಿಲ್ಲ. ಅತ್ತೆ ಇದ್ದಾರೆ. ಹೀಗಾಗಿ ದವಾಖಾನೆಗೆ ಹೋದಾಗಲೆಲ್ಲ ಏನಾದರೊಂದು ನಡೆದೇ ನಡೆಯುತ್ತದೆ. ಅಳುತ್ತ ಹೋಗಿ ನಗುತ್ತ ಬಂದ ದಿನಗಳೇ ಹೆಚ್ಚು.

ತುಪ್ಪ ಹೋದ ದಾರಿ

ನಮ್ಮ ಮನೆಯವರದು ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ವ್ಯಾಪಾರ. ಆಳು ಮಾತ್ರ ಕಡ್ಡಿ. ಒಂದು ದಿನ ಕಲ್ಲು ಇಳಿಸುವಾಗ ಕಣ್ಣು ಕತ್ತಲೆಗಟ್ಟಿ ಕುಸಿದರು. ಕಲಬುರಗಿಯ ಹೃದಯದ ಡಾಕ್ಟರು ಎದೆಯ ಸ್ಕ್ಯಾನು, ಅದೇ ಎಕೋ, ಮಾಡಿ, "ಹೃದಯದ ಸ್ನಾಯು ದಪ್ಪ ಆಗ್ಯಾದ. ಇದು ವಂಶದಾಗ ಬರ್ತದ" ಅಂದರು. ಮಾವನೂ ಚಿಕ್ಕ ವಯಸ್ಸಿಗೇ ಇದ್ದಕ್ಕಿದ್ದಂತೆ ಹೋದವರು.

ಅತ್ತೆ ಮಗನನ್ನು ಮೇಲಿಂದ ಕೆಳಗೆ ನೋಡಿ, ಕಣ್ಣೊರೆಸಿಕೊಂಡು ಅಂದರು: "ಇಷ್ಟು ವರ್ಷ ತಿನ್ಸಿದ ತುಪ್ಪ ಎಲ್ಲಿ ಹೋತು ಅಂತಿದ್ದೆ ನೋಡ್ರಿ ಡಾಕ್ಟ್ರೇ. ಈಗ ಗೊತ್ತಾತು!"

ಅಪ್ಪನ ಪಾಲು

ಒಡಹುಟ್ಟಿದವರೂ ಎಕೋ ಮಾಡಿಸಬೇಕಂತೆ. ಇವರಿಗೆ ಇರುವುದು ಒಬ್ಬಳೇ ಅಕ್ಕ, ಚಿಂಚೋಳಿಗೆ ಕೊಟ್ಟಿದ್ದಾರೆ. ಇವರು ಫೋನ್ ಮಾಡಿ, "ಅಕ್ಕಾ, ಅಪ್ಪನ ಕಡಿಂದ ಬಂದದ್ದದ. ನಿನಗೂ ಇರಬಹುದು, ಬಾ" ಅಂದರು.

"ಅಪ್ಪನ ಹೊಲ ಬರಿಸ್ಕೊಳ್ಳೋ ಮುಂದ ನನ್ನ ನೆನಪಾಗ್ಲಿಲ್ಲ. ಈಗ ಆತೇನೋ?" ಅಂತ ಬೈಯುತ್ತಲೇ ಮರುದಿನ ಬಸ್ಸು ಹತ್ತಿ ಬಂದರು. ಆದರೆ ಎಕೋ ಕೋಣೆಯ ಬಾಗಿಲ ತನಕ ತಮ್ಮನ ಕೈ ಬಿಡಲಿಲ್ಲ. ಅವರ ಹೃದಯ ಸರಿಯಾಗಿತ್ತು. ಹೊರಗೆ ಬಂದವರೇ ತಮ್ಮನನ್ನು ತಬ್ಬಿಕೊಂಡು ಬಿಕ್ಕಿಬಿಕ್ಕಿ ಅತ್ತರು: "ಇದ್ರಾಗೂ ನನಗ ಪಾಲಿಲ್ಲಂತೋ ತಮ್ಮಾ!"

ಬಾಯಿಂದ ಎದೆಗೆ

ಮುಂದೆ ಇವರಿಗೆ ಒಂದು ಜ್ವರ ಹಿಡಿಯಿತು. ಗುಳಿಗೆ ನುಂಗಿದರೆ ಇಳಿಯುವುದು, ಮತ್ತೆ ಬರುವುದು. ಮನುಷ್ಯ ಅರ್ಧ ಆದರು. ಕಲಬುರಗಿಯಲ್ಲಿ ರಕ್ತ ಪರೀಕ್ಷೆ ಮಾಡಿ, ಹೃದಯಕ್ಕೇ ಸೋಂಕಾಗಿದೆ ಅಂದರು. ವಾರಗಟ್ಟಲೆ ಸೂಜಿ, ಸಲೈನ್. ಇವರ ಎದುರಿಗೆ ನಗುತ್ತಿದ್ದೆ, ನಳದ ಹತ್ತಿರ ಹೋಗಿ ಅಳುತ್ತಿದ್ದೆ. ಅಂತೂ ಉಳಿದರು.

ಮನೆಗೆ ಕಳಿಸುವ ದಿನ ಡಾಕ್ಟರು ಅತ್ತೆಯನ್ನು ಕೂರಿಸಿಕೊಂಡು ತಿಳಿಸಿ ಹೇಳಿದರು: "ಹುಳುಕು ಹಲ್ಲಿನಿಂದ ಕ್ರಿಮಿ ರಕ್ತಕ್ಕ ಸೇರಿ ಎದಿಗೆ ಹೋಗಿ ಕುಂತಿದ್ದವು. ಬಾಯಿ ಸ್ವಚ್ಛ ಇಡಬೇಕು. ಜ್ವರ ಬಂದ್ರ ತಾವೇ ಗುಳಿಗಿ ನುಂಗಬಾರದು, ಮೊದಲು ಬಂದು ರಕ್ತ ತೋರಿಸ್ಬೇಕು. ಬಾಯಿಂದ ಎದಿಗೆ ದಾರಿ ಅದ ಅಮ್ಮಾ."

ಅತ್ತೆ ನನ್ನ ಕಡೆ ತಿರುಗಿದರು. "ಅದು ನನಗ ಮೊದ್ಲೇ ಗೊತ್ತದ್ರಿ. ಈ ಸೊಸಿ ಬಾಯಿಂದ ಬಂದದ್ದೆಲ್ಲ ನೆಟ್ಟಗ ನನ್ನ ಎದಿಗೇ ನಾಟ್ತದ!"

ಹಲ್ಲು ಕಿತ್ತ ದಿನ

ಅಂದಿನಿಂದ ಇವರು ಪೂಜೆ ತಪ್ಪಿಸಿದರೂ ಹಲ್ಲು ತಿಕ್ಕುವುದು ತಪ್ಪಿಸಲಿಲ್ಲ. ಆದರೂ ಹಳೆಯ ದವಡೆ ಹಲ್ಲೊಂದನ್ನು ಕೀಳಿಸಲೇಬೇಕಾಯಿತು. ಹೃದಯದ ಡಾಕ್ಟರು, "ಸ್ನಾಯು ದಪ್ಪ ಇದ್ದೋರಿಗೆಲ್ಲ ಇದು ಬೇಕಾಗಂಗಿಲ್ಲ. ನಿಮಗ ಒಮ್ಮೆ ಸೋಂಕು ಆಗ್ಯಾದ, ಮತ್ತ ಕ್ರಿಮಿ ಎದಿಗೆ ಹೋಗಬಾರದಂತ ಹಲ್ಲು ಕೀಳೋ ಒಂದು ತಾಸು ಮೊದಲು ಈ ಗುಳಿಗಿ" ಅಂತ ಬರೆದುಕೊಟ್ಟರು.

ಚಿತ್ತಾಪುರದ ಹಲ್ಲಿನ ಡಾಕ್ಟರು ಹೊಸಬರು, ಮೀಸೆ ಇನ್ನೂ ಚಿಗುರುತ್ತಿತ್ತು. ಬರೆದದ್ದನ್ನು ಓದಿದವರೇ ಹೃದಯದ ಡಾಕ್ಟರಿಗೆ ಫೋನ್ ಹಚ್ಚಿ ಎಲ್ಲ ಕೇಳಿಕೊಂಡರು. ತಮ್ಮೆದುರೇ ಗುಳಿಗೆ ನುಂಗಿಸಿದರು. ಅತ್ತೆ, ನಾನು, ಇವರು ತಾಸು ಕಾಯುತ್ತ ಕೂತೆವು. ಇವರು ಕುರ್ಚಿಯಲ್ಲೇ ಗೊರಕೆ ಹೊಡೆದರು. ಡಾಕ್ಟರು ಒಳಗೂ ಹೊರಗೂ ಓಡಾಡಿದರು.

ಹಲ್ಲು ಕೀಳುವಾಗ "ಎದಿ ಹೆಂಗದ್ರಿ? ಎದಿ ಹೆಂಗದ?" ಅಂತ ಕೇಳಿದ್ದೇ ಕೇಳಿದ್ದು. ಬಾಯಲ್ಲಿ ಇಕ್ಕಳ ಇದ್ದವರು ಏನು ಹೇಳಿಯಾರು? ಅಂತೂ ಹಲ್ಲು ಬಂತು. ಇವರು ಹತ್ತಿ ಕಚ್ಚಿಕೊಂಡು ಆರಾಮಾಗಿ ಎದ್ದು ನಿಂತರು. ಡಾಕ್ಟರು ಬೆವೆತು ತೊಪ್ಪೆಯಾಗಿ ಸ್ಟೂಲಿನ ಮೇಲೆ ದೊಪ್ಪನೆ ಕೂತರು. ನೀರಿನ ಗ್ಲಾಸು ಕೊಟ್ಟು ಅವರ ಬೆನ್ನು ಸವರಿದ್ದು ನಮ್ಮ ಮನೆಯವರೇ.

ಅತ್ತೆ ನನ್ನ ಕಿವಿಯಲ್ಲಿ ಹೇಳಬೇಕಾದ ಮಾತನ್ನು ಇಡೀ ದವಾಖಾನೆಗೆ ಕೇಳುವಂತೆ ಹೇಳಿದರು: "ಗುಳಿಗಿ ತಪ್ಪಿ ನಮ್ಮವನಿಗೆ ಕೊಟ್ರಲ್ಲವ್ವಾ! ತಾಸು ಮೊದಲು ಈ ಡಾಕ್ಟ್ರಿಗೆ ಕೊಡಬೇಕಿತ್ತು!"