ನೊರೆಯ ವಿಷಯ ಗೊತ್ತಿದ್ದ ವಕೀಲೆ

ಟೆಕ್ಸಾಸ್ ರಾಜ್ಯದ ಪೂರ್ವದ ಅಂಚಿನಲ್ಲಿರುವ ಕಾಲ್ಡರ್ ಕ್ರೀಕ್ ಎಂಬ ಪಟ್ಟಣದಲ್ಲಿ ಯಾವ ವಸ್ತುವೂ ತಯಾರಾಗುವುದಿಲ್ಲ. ಆದರೆ ದೇಶದ ಉಳಿದೆಡೆ ತಯಾರಾಗುವ ವಸ್ತುಗಳನ್ನು ಯಾರು ಯಾರಿಂದ ಕದ್ದರು ಎಂಬುದು ಅಲ್ಲೇ ತೀರ್ಮಾನವಾಗುತ್ತದೆ. ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ. ಕೆಲವು ಊರುಗಳಲ್ಲಿ ನೀರು ಚೆನ್ನಾಗಿರುತ್ತದೆ, ಕೆಲವು ಊರುಗಳಲ್ಲಿ ಗಾಳಿ. ಕಾಲ್ಡರ್ ಕ್ರೀಕಿನಲ್ಲಿ ತೀರ್ಪು ಚೆನ್ನಾಗಿರುತ್ತದೆ. ಪೇಟೆಂಟು ಇಟ್ಟುಕೊಂಡ ಕಂಪನಿಗಳು ದೂರದೂರದಿಂದ ಬಂದು, ಅಲ್ಲೇ ದಾವೆ ಹೂಡುವ ಹಕ್ಕಿಗಾಗಿ ನ್ಯಾಯಾಲಯದ ಎದುರಿನ ಕಟ್ಟಡದಲ್ಲಿ ಒಂದೊಂದು ಕೋಣೆ ಬಾಡಿಗೆಗೆ ಹಿಡಿದು, ಬಾಗಿಲಿಗೆ ಹೆಸರಿನ ಫಲಕ ಹೊಡೆದು, ಬೀಗ ಜಡಿದು ಹೋಗುತ್ತವೆ. ಕೋಣೆಯಲ್ಲಿ ಒಂದು ಕುರ್ಚಿ ಇರತಕ್ಕದ್ದು ಎಂಬ ನಿಯಮವಿದೆ. ಕುರ್ಚಿಯ ಮೇಲೆ ಯಾರಾದರೂ ಕೂತಿರತಕ್ಕದ್ದು ಎಂದು ಎಲ್ಲೂ ಹೇಳಿಲ್ಲ.

ಆ ಊರಿಗೆ ಡಾಕ್ಟರ್ ಸಿಗ್ರಿಡ್ ಹಾಲ್ವರ್ಸನ್ ಬಂದದ್ದು ನೊರೆಯ ಕೇಸಿಗಾಗಿ.

ಸಿಗ್ರಿಡ್ ಮಿನೆಸೋಟಾದವಳು. ವಕೀಲಿಕೆ ಓದುವ ಮೊದಲು ರಸಾಯನಶಾಸ್ತ್ರ ಓದಿದವಳು. ನೊರೆ ಏಕೆ ಕುಸಿಯುತ್ತದೆ ಎಂಬುದರ ಮೇಲೆ ಡಾಕ್ಟರೇಟು ಪಡೆಯಲು, ಗಾಜಿನ ಪಾತ್ರೆಯ ಮುಂದೆ ಕೂತು ಯೌವನವನ್ನೆಲ್ಲ ಕಳೆದವಳು. "ಅಷ್ಟು ಹೊತ್ತು ದುರುಗುಟ್ಟಿಕೊಂಡು ನೋಡಿದ್ರೆ ಯಾವ ನೊರೆ ತಾನೇ ಕುಸಿಯಲ್ಲ ಹೇಳು?" ಎಂದು ಅವಳ ತಾಯಿ ಕೇಳಿದ್ದುಂಟು. ಆಮೇಲೆ ಅವಳನ್ನು ಸೇರಿಸಿಕೊಂಡ ದೊಡ್ಡ ವಕೀಲರ ಸಂಸ್ಥೆ, ವಿಜ್ಞಾನ ಬಲ್ಲ ವಕೀಲರು ಸಿಗುವುದೇ ಅಪರೂಪ ಎಂದು ಹೊಗಳಿ, ಅವಳ ಹೆಸರಿನ ಮುಂದೆ ಹಿತ್ತಾಳೆಯಲ್ಲಿ 'ಡಾಕ್ಟರ್' ಎಂದು ಕೆತ್ತಿಸಿ, ಅವಳ ಶುಲ್ಕ ಏರಿಸಿತು. ಅಲ್ಲಿಂದಾಚೆ ಅವಳು ಬ್ಯಾಟರಿಯ ಕೇಸು ನಡೆಸಿದಳು, ಕಿವುಡರ ಕಿವಿಯಂತ್ರದ ಕೇಸು ನಡೆಸಿದಳು, ನಾಯಿಗಳ ಹಲ್ಲುಜ್ಜುವ ಬ್ರಶ್ಶಿನ ಕೇಸೂ ನಡೆಸಿದಳು. ಪ್ರತಿ ಸಲವೂ ವಿಜ್ಞಾನದ ಮಾತು ಬಂದ ಕೂಡಲೇ ಹಿರಿಯರು ಅವಳ ತೋಳು ಹಿಡಿದು ಕೂರಿಸುತ್ತಿದ್ದರು. ವಿಜ್ಞಾನ ತಿಳಿದಿರುವುದು ಸಂಸ್ಥೆಯ ಹೆಮ್ಮೆ. ಅದನ್ನು ಬಾಯಿಬಿಟ್ಟು ಹೇಳುವುದು ಸಂಸ್ಥೆಯ ಪದ್ಧತಿಯಾಗಿರಲಿಲ್ಲ.

ಹೀಗಿರುವಾಗ ನಾರ್ಡ್‌ಬಿ ಹಾಲು ಸಹಕಾರ ಸಂಘದ ಮೇಲೆ ದಾವೆ ಬಿತ್ತು. ಸಂಘದವರು ಒತ್ತಿದರೆ ಬುಸ್ಸೆಂದು ಬರುವ ಡಬ್ಬಿ ಕ್ರೀಮು ಮಾಡುತ್ತಿದ್ದರು. ಅದೊಂದರಿಂದಲೇ ಸಂಘದ ಬಾಗಿಲು ತೆರೆದಿತ್ತು. ದಾವೆ ಹೂಡಿದ್ದು ಎಂಬರ್‌ಶೀಲ್ಡ್ ಎಂಬ ಕಂಪನಿ. ಕಾಲ್ಡರ್ ಕ್ರೀಕಿನಲ್ಲಿ ಅದರ ಆಸ್ತಿ ಎಂದರೆ ಒಂದು ಕುರ್ಚಿ ಮತ್ತು ಒಂದು ಪೇಟೆಂಟು. ಪೇಟೆಂಟು ಬೆಂಕಿ ಆರಿಸುವ ನೊರೆಯದು: ಡಬ್ಬಿಯಿಂದ ಹೊರಬಿದ್ದ ಆಕಾರದಲ್ಲೇ ಗಂಟೆಗಟ್ಟಲೆ ಕದಲದೆ ನಿಲ್ಲುವಂಥದ್ದು. ಕ್ರೀಮು ಕೂಡ ಡಬ್ಬಿಯಿಂದಲೇ ಬರುವ ನೊರೆಯಾದ್ದರಿಂದ ಅದು ಕಳವಿನ ಮಾಲು ಎಂದು ಎಂಬರ್‌ಶೀಲ್ಡಿನ ವಾದ.

ಸಿಗ್ರಿಡ್ ಕಾಗದ ಓದಿ ಕುಣಿದಾಡಿಬಿಟ್ಟಳು. ಡಬ್ಬಿ ಕ್ರೀಮು ಗಂಟೆಗಟ್ಟಲೆ ನಿಲ್ಲುವುದಿರಲಿ, ತಟ್ಟೆಗೆ ಬಿದ್ದ ಹತ್ತು ನಿಮಿಷಕ್ಕೆ ಇಳಿದು ನೀರಾಗತೊಡಗುತ್ತದೆ. ಏಕೆ ಇಳಿಯುತ್ತದೆ ಎಂಬುದನ್ನು ಭೂಮಿಯ ಮೇಲೆ ಅವಳಷ್ಟು ಚೆನ್ನಾಗಿ ಬಲ್ಲವರಿರಲಿಲ್ಲ. "ಒಂದು ತಟ್ಟೆ, ಒಂದು ಡಬ್ಬಿ, ಹತ್ತು ನಿಮಿಷ. ಅಷ್ಟು ಕೊಟ್ರೆ ನಿಮ್ಮ ಸಂಘ ಉಳೀತು ಅಂತಲೇ ತಿಳ್ಕೊಳ್ಳಿ" ಎಂದು ಸಂಘದ ಕಾರ್ಯದರ್ಶಿಗೆ ಮಾತು ಕೊಟ್ಟಳು. ಇಷ್ಟು ವರ್ಷ ಗಂಟಲಲ್ಲೇ ಇಟ್ಟುಕೊಂಡಿದ್ದ ಹತ್ತು ನಿಮಿಷ ಅದು.

ಕಾಲ್ಡರ್ ಕ್ರೀಕಿನಲ್ಲಿ ಹೊರಗಿನ ವಕೀಲರು ಊರಿನ ಒಬ್ಬ ವಕೀಲರನ್ನು ಜೊತೆಗಿಟ್ಟುಕೊಳ್ಳುವುದು ವಾಡಿಕೆ. ಅವಳಿಗೆ ಸಿಕ್ಕವರು ಕ್ಲೀಟಸ್ ಅಬರ್ನೇಥಿ. ಎಪ್ಪತ್ತು ದಾಟಿದ, ಪ್ಯಾಂಟನ್ನು ಹೆಗಲ ಪಟ್ಟಿಗಳಿಂದ ಹಿಡಿದುಕೊಂಡ ಹಿರಿಯರು. ಅವರು ಅವಳ ಹತ್ತು ನಿಮಿಷದ ವಿಚಾರವನ್ನು ಪೂರ್ತಿ ಕೇಳಿಸಿಕೊಂಡು, "ಚೆನ್ನಾಗಿದೆ ಡಾಕ್ಟರಮ್ಮ" ಎಂದರು. "ಈಗ ಕೆಲಸದ ಮಾತಾಡೋಣ. ಹೋರಿ ಯಾವಾಗ ಕೊಳ್ತೀರಿ?"

"ಯಾವ ಹೋರಿ?"

"ಶನಿವಾರ ಮಕ್ಕಳ ಜಾನುವಾರು ಪ್ರದರ್ಶನ ಇದೆಯಲ್ಲ! ಮೊದಲ ಬಹುಮಾನದ ಹೋರೀನ ಹರಾಜಲ್ಲಿ ಯಾವ ಕಂಪನಿ ಕೊಳ್ಳುತ್ತೆ ಅಂತ ಊರೇ ನೋಡ್ತಿರುತ್ತೆ. ಎಂಬರ್‌ಶೀಲ್ಡಿನೋರು ಆಗ್ಲೇ ಕೋರ್ಟಿನ ಹಿಂದೆ ಐಸ್ ಮೇಲೆ ಜಾರೋ ಅಂಗಳ ಹಾಕಿಸ್ಕೊಟ್ಟಿದಾರೆ."

"ಅದಕ್ಕೂ ನೊರೆಗೂ ಏನು ಸಂಬಂಧ ಸಾರ್?"

"ನೊರೆಗೆ ಯಾರ ಹತ್ರಾನೂ ಸಂಬಂಧ ಇಲ್ಲ ತಾಯಿ. ತೀರ್ಪು ಕೊಡೋ ಜ್ಯೂರಿಗೆ ಊರಿನ ಹತ್ರ ಸಂಬಂಧ ಇರುತ್ತೆ."

ಸೆನೆಟರ್ ಎಂಬ ಹೆಸರಿನ ಕೆಂದು ಹೋರಿಯನ್ನು ಸಂಘದ ಹೆಸರಿನಲ್ಲಿ ಕೊಳ್ಳಲಾಯಿತು. ಅಬರ್ನೇಥಿ ಅದರ ಕೊರಳಿಗೆ ಸಂಘದ ನೀಲಿ ಪಟ್ಟಿ ಕಟ್ಟಿಸಿ, ನ್ಯಾಯಾಲಯದ ಮುಂದಿನ ಹುಲ್ಲಿನಲ್ಲಿ ಮೇಯಲು ಬಿಡಿಸಿದರು. ಜ್ಯೂರಿಯವರ ಕೋಣೆಗೆ ಇರುವುದು ಒಂದೇ ಕಿಟಕಿ. ಅದು ಹುಲ್ಲಿನ ಕಡೆಗೆ ತೆರೆಯುತ್ತದೆಯೇ ಹೊರತು ಜಾರುವ ಅಂಗಳದ ಕಡೆಗಲ್ಲ ಎಂಬುದನ್ನು ಅವರು ಮೊದಲೇ ನೋಡಿಕೊಂಡಿದ್ದರು.

ನ್ಯಾಯಾಧೀಶ ಪೆಟಿಗ್ರೂ ಅವರು ಜ್ಯೂರಿಯ ಆಯ್ಕೆಯನ್ನು ಬಹಳ ಶಿಸ್ತಿನಿಂದ ನಡೆಸಿದರು. ನೊರೆಯ ಬಗ್ಗೆ ಏನಾದರೂ ಗೊತ್ತಿದ್ದವರು ಕೈ ಎತ್ತತಕ್ಕದ್ದು ಎಂದು ಸೂಚಿಸಲಾಯಿತು. ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದ ನಿವೃತ್ತ ಮೇಷ್ಟರೊಬ್ಬರು ಕೈ ಎತ್ತಿದರು. ಅವರಿಗೆ ದೇಶದ ಪರವಾಗಿ ಕೃತಜ್ಞತೆ ಸಲ್ಲಿಸಿ ಮನೆಗೆ ಕಳಿಸಲಾಯಿತು. ಮನೆಯಲ್ಲಿ ಕ್ರೀಮು ಕಡೆಯುವ ಇಬ್ಬರು ಹೆಂಗಸರನ್ನೂ, ಬೆಂಕಿ ಆರಿಸುವ ದಳದ ಒಬ್ಬನನ್ನೂ ಹಾಗೆಯೇ ಗೌರವದಿಂದ ಬೀಳ್ಕೊಡಲಾಯಿತು. ಕಡೆಗೆ, ಈ ವಿಷಯದ ಗಾಳಿಯೂ ಸೋಕದ ಎಂಟು ಜನ ಉಳಿದರು. ಅವರ ಮುಖ್ಯಸ್ಥ ಟೈರ್ ಅಂಗಡಿಯ ಜುಡ್ ಟ್ರಾಮೆಲ್. ನಿಷ್ಪಕ್ಷಪಾತಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಇನ್ನೂ ಯಾರಿಗೂ ಹೊಳೆದಿಲ್ಲ.

ವಿಚಾರಣೆಯ ಮೊದಲ ದಿನವೇ ಸಿಗ್ರಿಡ್ ತಟ್ಟೆ ಮತ್ತು ಡಬ್ಬಿ ಹಿಡಿದುಕೊಂಡು ಬಂದಳು. ನ್ಯಾಯಾಲಯದೊಳಗೆ ತಿನ್ನುವ ಪದಾರ್ಥ ತರತಕ್ಕದ್ದಲ್ಲ ಎಂಬ ಫಲಕ ತೋರಿಸಿ ಬಾಗಿಲ ಪೇದೆ ಎರಡನ್ನೂ ಕಿತ್ತುಕೊಂಡ. ಹೀಗಾಗಿ ಕ್ರೀಮಿನ ಕೇಸು ಕ್ರೀಮಿಲ್ಲದೆ ಶುರುವಾಯಿತು. ಪ್ರತಿ ಪಕ್ಷಕ್ಕೂ ಇಷ್ಟು ಗಂಟೆ ಎಂದು ಅಳೆದು ಕೊಡುವುದು ಅಲ್ಲಿನ ಕ್ರಮ. ಅವಳ ಕಡೆಯ ತಜ್ಞ ಸಾಕ್ಷಿ ತಮ್ಮ ಪದವಿಗಳನ್ನೂ ಪದಕಗಳನ್ನೂ ಹೇಳಿ ಮುಗಿಸುವಷ್ಟರಲ್ಲಿ ಅವರ ಪಾಲಿನ ಹೊತ್ತು ಮುಗಿದಿತ್ತು.

ಎದುರು ಪಕ್ಷದ ತಜ್ಞ ಪ್ರೊಫೆಸರ್ ಕ್ವಿಂಬಿ ಅಷ್ಟು ದಡ್ಡರಲ್ಲ. ಒಂದು ದಪ್ಪ ಪುಸ್ತಕ ಎತ್ತಿ ಹಿಡಿದು, "ನೊರೆಯ ವಿಷಯದಲ್ಲಿ ಇದೇ ಕೊನೆಯ ಮಾತು. ಎಲ್ಲ ನೊರೆಯೂ ಮೂಲದಲ್ಲಿ ಒಂದೇ ಅಂತ ಇದು ಸಾರುತ್ತೆ" ಎಂದರು.

ಸಿಗ್ರಿಡ್ ದಿಗ್ಗನೆ ಎದ್ದಳು. "ಆ ಪುಸ್ತಕದಲ್ಲಿ ಹಾಗೆ ಎಲ್ಲೂ ಇಲ್ಲ!"

"ಅದು ನಿಮಗೆ ಹೇಗೆ ಗೊತ್ತು?" ಎಂದರು ನ್ಯಾಯಾಧೀಶರು.

"ನಾನೇ ಬರೆದದ್ದು ಸ್ವಾಮಿ."

ಎಂಬರ್‌ಶೀಲ್ಡಿನ ವಕೀಲ ಸ್ಟರ್ಲಿಂಗ್ ವೆದರ್‌ಬಿಗೆ ಚೇಳು ಕುಟುಕಿದ ಹಾಗಾಯಿತು. "ಆಕ್ಷೇಪಣೆ! ವಕೀಲರೇ ಸಾಕ್ಷಿ ನುಡೀತಿದಾರೆ!"

"ಆಕ್ಷೇಪಣೆ ಪುರಸ್ಕರಿಸಲಾಗಿದೆ" ಎಂದು ನ್ಯಾಯಾಧೀಶರು ಜ್ಯೂರಿಯತ್ತ ತಿರುಗಿದರು. "ಸದರಿ ಪುಸ್ತಕವನ್ನು ಸದರಿ ವಕೀಲರು ಬರೆದಿದ್ದಾರೆಂಬ ಅಂಶವನ್ನು ಜ್ಯೂರಿಯವರು ಈ ಕ್ಷಣದಿಂದ ಮರೆಯತಕ್ಕದ್ದು. ಡಾಕ್ಟರ್ ಹಾಲ್ವರ್ಸನ್, ನಿಮಗೆ ವಿಷಯ ಗೊತ್ತಿರೋದು ತಪ್ಪಲ್ಲ. ಆದರೆ ನ್ಯಾಯಾಲಯದ ಆವರಣದಲ್ಲಿ ಗೊತ್ತಿರುವಂತೆ ನಡೆದುಕೊಳ್ಳಕೂಡದು. ಪ್ರಶ್ನೆ ಬೇಕಾದರೆ ಕೇಳಿ."

ಸಿಗ್ರಿಡ್ ಪ್ರಶ್ನೆ ಕೇಳಿದಳು. "ಪ್ರೊಫೆಸರ್, ಡಬ್ಬಿ ಕ್ರೀಮು ಬೇಗ ಕುಸಿಯುತ್ತೆ ಅಂತ ಆ ಪುಸ್ತಕದ ಲೇಖಕಿ ಒಂದು ಇಡೀ ಅಧ್ಯಾಯ ಬರೆದಿದ್ದಾರಲ್ಲವೆ?"

"ಬರೆದಿದ್ದಾರೆ. ಆದರೆ ಆ ಭಾಗದಲ್ಲಿ ಲೇಖಕಿಗೆ ವಿಷಯ ಪೂರ್ತಿ ಅರ್ಥ ಆಗಿರಲಿಲ್ಲ ಅನ್ನಿಸುತ್ತೆ."

"ಲೇಖಕಿಗೆ ಅರ್ಥ ಆಗಿತ್ತು ಅಂತ ಹೇಳಿದ್ರೆ ನೀವು ಒಪ್ಪುತ್ತೀರಾ?"

"ಲೇಖಕಿ ಇಲ್ಲಿ ಇಲ್ಲವಲ್ಲ" ಎಂದರು ಕ್ವಿಂಬಿ, ನಿಜವಾಗಿಯೂ ವಿಷಾದದಿಂದ.

ಸಿಗ್ರಿಡ್ ಕೂತಳು. ಪಾಪ, ಬಂದದ್ದು ಸಿಟ್ಟೋ ಅಳುವೋ ಅವಳಿಗೇ ತಿಳಿಯಲಿಲ್ಲ. ಅಬರ್ನೇಥಿ ಮೆಲ್ಲಗೆ ಬಾಗಿ, "ತಲೆ ಕೆಡಿಸ್ಕೋಬೇಡಿ. ಹೋರಿ ಚೆನ್ನಾಗಿ ಮೇಯ್ತಿದೆ" ಎಂದರು.

ಶುಕ್ರವಾರ ಊಟಕ್ಕೆ ಮುಂಚೆ ತೀರ್ಪು ಬಂತು. ಹಾಲು ಸಂಘ ಏನೂ ಕದ್ದಿಲ್ಲ. ತೀರ್ಪನ್ನು ಊಟದ ನಂತರ ದಾಖಲು ಮಾಡಿ, ಜ್ಯೂರಿಯವರನ್ನು ಆಮೇಲೆ ಬಿಡುಗಡೆ ಮಾಡಲಾಗುವುದೆಂದು ಪ್ರಕಟಿಸಿ ನ್ಯಾಯಾಧೀಶರು ಎದ್ದರು. ಊರಿನಲ್ಲಿ ಊಟಕ್ಕೆ ಇರುವುದು ಒಂದೇ ಹೋಟೆಲು. ಆದ್ದರಿಂದ ಗೆದ್ದವರು, ಸೋತವರು, ಸಾಕ್ಷಿ, ಜ್ಯೂರಿ, ನ್ಯಾಯಾಧೀಶರು ಎಲ್ಲರೂ ಅಲ್ಲೇ ಸೇರಿದರು.

"ಟ್ರಾಮೆಲ್ ಅವ್ರೇ, ನಮ್ಮ ಪರ ಯಾಕೆ ತೀರ್ಪು ಕೊಟ್ರಿ?" ಸಿಗ್ರಿಡ್ ತಡೆಯಲಾರದೆ ಕೇಳಿಯೇ ಬಿಟ್ಟಳು.

"ಇದೇನು ಹಿಂಗೆ ಕೇಳ್ತೀರಿ? ಹೋರೀನ ಅಷ್ಟು ಮುದ್ದಾಗಿ ನೋಡ್ಕೊಳ್ಳೋ ಜನ ಕಳ್ಳತನ ಮಾಡ್ತಾರೇನ್ರೀ?"

"ಮತ್ತೆ ನೊರೆ?"

"ಮರೆತುಬಿಡಿ ಅಂತ ಜಡ್ಜ್ ಸಾಹೇಬ್ರು ಹೇಳಿದ್ರಲ್ಲ. ನಾವು ಸೇಫಾಗಿರ್ಲಿ ಅಂತ ಎಲ್ಲಾನೂ ಮರೆತುಬಿಟ್ವಿ."

ಗೆದ್ದವಳು ನಗಬೇಕಿತ್ತು. ಸಿಗ್ರಿಡ್‌ಗೆ ಮಾತ್ರ ಗೆಲುವೇ ಸಪ್ಪೆಯೆನಿಸಿತು. ಅಷ್ಟರಲ್ಲಿ ಊಟ ಬಡಿಸುತ್ತಿದ್ದ ಓರ್ಲೀನ್ ಎಂಬಾಕೆ ಪೀಕನ್ ಪೈ ಎಂಬ ಬೀಜದ ಸಿಹಿತಿಂಡಿ ತಂದಿಟ್ಟು, ಅದರ ಮೇಲೆ ನಾರ್ಡ್‌ಬಿ ಡಬ್ಬಿಯಿಂದಲೇ ಬುಸ್ಸೆಂದು ಕ್ರೀಮು ಬಿಟ್ಟಳು. "ಅಲ್ಲಾ ಡಾಕ್ಟರಮ್ಮ, ಅದೇನೋ ಹೇಳ್ಬೇಕು ಹೇಳ್ಬೇಕು ಅಂತ ವಾರದಿಂದ ಒದ್ದಾಡ್ತಿದ್ರಲ್ಲ, ಏನದು?" ಎಂದಳು.

ಸಿಗ್ರಿಡ್ ತಟ್ಟೆಯನ್ನು ಮೇಜಿನ ನಡುವೆ ಎಳೆದುಕೊಂಡಳು.

ಹೇಳಿದಳು, ಹೇಳಿದಳು, ಹತ್ತು ನಿಮಿಷ ಹೇಳಿದಳು. ಗುಳ್ಳೆಯ ಗೋಡೆ ಎಷ್ಟು ತೆಳು, ಅದರೊಳಗಿನ ನೀರು ಹೇಗೆ ಕೆಳಗೆ ಜಾರುತ್ತದೆ, ಗೋಡೆ ಒಣಗಿದ ಗುಳ್ಳೆ ಹೇಗೆ ಪಕ್ಕದ ಗುಳ್ಳೆಯ ಮೇಲೆ ಬೀಳುತ್ತದೆ, ಬೆಂಕಿಯ ನೊರೆಯಲ್ಲಿ ಅದನ್ನು ತಡೆಯಲು ಏನು ಹಾಕುತ್ತಾರೆ, ಕ್ರೀಮಿನಲ್ಲಿ ಅದು ಯಾಕಿಲ್ಲ. ಹೇಳುತ್ತಿದ್ದ ಹಾಗೇ ತಟ್ಟೆಯ ಮೇಲಿನ ಕ್ರೀಮು ಅವಳ ಮಾತನ್ನು ಕೇಳಿಸಿಕೊಂಡಂತೆ ಇಳಿಯಿತು, ವಾಲಿತು, ಪೈ ಸುತ್ತ ಸಣ್ಣ ಕೊಳವಾಯಿತು. ಪಕ್ಕದ ಮೇಜುಗಳವರು ಕುರ್ಚಿ ಎಳೆದುಕೊಂಡು ಹತ್ತಿರ ಬಂದರು. ಅಡಿಗೆಯವನು ಕಿಟಕಿಯಿಂದ ಕತ್ತು ಹೊರಗೆ ಹಾಕಿದ. ನ್ಯಾಯಾಧೀಶರ ಫೋರ್ಕು ಬಾಯಿಯ ಹತ್ತಿರವೇ ನಿಂತಿತ್ತು.

"ಅಯ್ಯೋ, ಇಷ್ಟೇನಾ!" ಎಂದ ಟ್ರಾಮೆಲ್. "ಹಂಗಾದ್ರೆ ನಾವು ಸರಿಯಾದ ತೀರ್ಪನ್ನೇ ಕೊಟ್ಟಿದೀವಿ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಪ್ರೊಫೆಸರ್ ಕ್ವಿಂಬಿ ಎದ್ದು ಬಂದು ಪುಸ್ತಕದ ಮೊದಲ ಪುಟ ತೆರೆದು, ಒಂದು ರುಜು ಹಾಕಿಕೊಡಿ ಎಂದು ಕೇಳಿಕೊಂಡರು. ಸಿಗ್ರಿಡ್‌ಗೆ ಕಣ್ಣು ತುಂಬಿ ಬಂತು. ಅಷ್ಟು ಸಂತೋಷ ಅವಳಿಗೆ ಡಾಕ್ಟರೇಟು ಬಂದ ದಿನವೂ ಆಗಿರಲಿಲ್ಲ.

ಆಗ ವೆದರ್‌ಬಿ ಬಾಯಿ ಒರೆಸಿಕೊಂಡು ಎದ್ದು ನಿಂತ. "ಸ್ವಾಮಿ, ತೀರ್ಪು ಇನ್ನೂ ದಾಖಲಾಗಿಲ್ಲ. ಜ್ಯೂರಿ ಇನ್ನೂ ಬಿಡುಗಡೆ ಆಗಿಲ್ಲ. ತಮ್ಮ ಕಣ್ಣೆದುರೇ ಜ್ಯೂರಿಗೆ ವಿಷಯ ತಿಳಿದುಹೋಗಿದೆ."

ನ್ಯಾಯಾಧೀಶರು ಫೋರ್ಕು ಕೆಳಗಿಟ್ಟರು. "ಟ್ರಾಮೆಲ್, ನಿಜ ಹೇಳು. ನಿನಗೆ ಅರ್ಥ ಆಯ್ತಾ?"

"ಚೆನ್ನಾಗಿ ಅರ್ಥ ಆಯ್ತು ಸಾಹೇಬ್ರೆ."

"ಮರೆಯೋಕೆ ಆಗುತ್ತಾ?"

ಟ್ರಾಮೆಲ್ ಪ್ರಾಮಾಣಿಕ ಮನುಷ್ಯ. ಕಣ್ಣು ಮುಚ್ಚಿ ಪ್ರಯತ್ನಪಟ್ಟು ನೋಡಿದ. "ಇಲ್ಲ ಸಾಹೇಬ್ರೆ. ಕೂತ್ಕೊಂಡ್ಬಿಟ್ಟಿದೆ."

ಅಂದು ಮಧ್ಯಾಹ್ನ ಹೊರಬಿದ್ದ ಆದೇಶ ಹೀಗಿತ್ತು: 'ಜ್ಯೂರಿಯವರು ವಿಷಯದ ಅರಿವಿಗೆ ಒಳಗಾಗಿರುವುದರಿಂದ ತೀರ್ಪನ್ನು ರದ್ದುಪಡಿಸಿ ಮರುವಿಚಾರಣೆಗೆ ಆಜ್ಞಾಪಿಸಲಾಗಿದೆ. ಘಟನೆಯ ವೇಳೆ ಹೋಟೆಲಿನ ಊಟದ ಮೇಜುಗಳಲ್ಲಿ ಇದ್ದ ಎಲ್ಲ ಗಿರಾಕಿಗಳನ್ನು ಮುಂದಿನ ಜ್ಯೂರಿಯಿಂದ ಹೊರಗಿಡತಕ್ಕದ್ದು. ಡಾಕ್ಟರ್ ಹಾಲ್ವರ್ಸನ್ ಅವರು ಈ ಜಿಲ್ಲೆಯ ಮಿತಿಯೊಳಗೆ ನೊರೆಯನ್ನು ಯಾರಿಗೂ ಅರ್ಥವಾಗುವಂತೆ ವಿವರಿಸತಕ್ಕದ್ದಲ್ಲ. ಅರ್ಥವಾಗದಂತೆ ವಿವರಿಸಲು ಅಡ್ಡಿಯಿಲ್ಲ.'

ಸಂಜೆ ಮೆಟ್ಟಿಲ ಮೇಲೆ ಸಿಕ್ಕಾಗ ನ್ಯಾಯಾಧೀಶರು ಅವಳ ಬೆನ್ನು ತಟ್ಟಿದರು. "ಬೇಜಾರು ಮಾಡ್ಕೋಬೇಡಮ್ಮ. ನನ್ನ ಕಾಲದಲ್ಲಿ ಇಷ್ಟು ಚೆನ್ನಾಗಿ ಹೇಳಿದೋರನ್ನ ನೋಡಿಲ್ಲ. ಆದರೆ ನೀನೇ ಯೋಚನೆ ಮಾಡು, ಎಲ್ಲಾ ಕೇಸೂ ಒಂದು ತಟ್ಟೆ ಪೈ ಮೇಲೆ ಮುಗಿದುಹೋದ್ರೆ ಈ ಊರು ಏನಾಗ್ಬೇಕು?"

ಸಿಗ್ರಿಡ್ ಯೋಚನೆ ಮಾಡಿದಳು. ಮಾತಿನಲ್ಲಿ ತಪ್ಪು ಹುಡುಕಲು ಅವಳಿಗೆ ಆಗಲಿಲ್ಲ.

ಊರು ಸಂಭ್ರಮಪಟ್ಟಿತು. ವಸತಿಗೃಹಗಳಲ್ಲಿ ಇನ್ನೊಂದು ವರ್ಷಕ್ಕೆ ಕೋಣೆಗಳು ಭರ್ತಿಯಾದವು. ಎಂಬರ್‌ಶೀಲ್ಡಿನವರು ಜಾರುವ ಅಂಗಳಕ್ಕೆ ಚಾವಣಿ ಹಾಕಿಸಿದರು. ಒಂದು ಕೇಸನ್ನು ಎರಡು ಮಾಡಿದ್ದಕ್ಕಾಗಿ ಸಿಗ್ರಿಡ್‌ಳನ್ನು ಅವಳ ಸಂಸ್ಥೆ ಪಾಲುದಾರಳನ್ನಾಗಿ ಮಾಡಿಕೊಂಡಿತು. ಹಾಲು ಸಂಘದ ಕಾರ್ಯದರ್ಶಿ ಮಾತ್ರ ಫೋನಿನಲ್ಲಿ, "ಗೆದ್ವಿ ಅಂತ ಹೇಳಿದ್ರಲ್ಲ ತಾಯಿ?" ಎಂದ. "ಗೆದ್ದಿದ್ವಿ" ಎಂದಳು. "ಆಮೇಲೆ?" "ಆಮೇಲೆ ಎಲ್ಲರಿಗೂ ಅರ್ಥ ಆಗೋಯ್ತು." "ಹಾಗಾದ್ರೆ ಹೋರಿಗೆ ಹುಲ್ಲು ಕಳಿಸ್ಲಾ?" ಎಂದು ಕೇಳಿದ.

ಮರುವಿಚಾರಣೆಯ ಹಿಂದಿನ ದಿನ ಸಿಗ್ರಿಡ್ ಅದೇ ಹೋಟೆಲಿಗೆ ಹೋದಳು. ಗೋಡೆಯ ಮೇಲೆ ಹೊಸ ಫಲಕವಿತ್ತು: 'ಇಲ್ಲಿ ಜ್ಯೂರಿಗೆ ಹೋಗುವವರೂ ಊಟ ಮಾಡುತ್ತಾರೆ. ದಯವಿಟ್ಟು ಏನನ್ನೂ ವಿವರಿಸಬೇಡಿ.' ಓರ್ಲೀನ್ ಪೈ ತಂದಿಟ್ಟು, ಕ್ರೀಮು ಬಿಟ್ಟು, ಅಲ್ಲೇ ನಿಂತಳು. ಆದೇಶದಲ್ಲಿ ಹೆಸರಿಸಿದ್ದು ಗಿರಾಕಿಗಳನ್ನು. ಅಂದು ಪೂರ್ತಿ ಕೇಳಿಸಿಕೊಂಡಿದ್ದ ಓರ್ಲೀನಳಂಥ ಬಡಿಸುವವರ ಪ್ರಸ್ತಾಪ ಅದರಲ್ಲಿ ಇರಲಿಲ್ಲ. ನಾಳೆ ಜ್ಯೂರಿಗೆ ಬಾ ಎಂದು ಅವಳಿಗೂ ಕರೆ ಬಂದಿತ್ತು.

ಇಬ್ಬರೂ ತಟ್ಟೆ ನೋಡಿದರು. ಕ್ರೀಮು ಮೆಲ್ಲಗೆ ಇಳಿಯತೊಡಗಿತು.

"ಅದ್ಯಾಕೆ ಡಾಕ್ಟರಮ್ಮ ಹಿಂಗೆ ಇಳಿಯುತ್ತೆ?" ಎಂದಳು ಓರ್ಲೀನ್, ಅತ್ತಿತ್ತ ನೋಡಿ.

ಸಿಗ್ರಿಡ್ ಫಲಕ ನೋಡಿದಳು, ಓರ್ಲೀನಳ ಮುಖ ನೋಡಿದಳು. ಜೀವನದಲ್ಲಿ ಮೊದಲ ಸಲ ಆ ಪ್ರಶ್ನೆಗೆ, "ನನಗೆ ಗೊತ್ತಿಲ್ಲಮ್ಮ" ಎಂದಳು.

"ನಂಗೂ ಅಷ್ಟೇ" ಎಂದಳು ಓರ್ಲೀನ್. "ಏನೇನೂ ಗೊತ್ತಿಲ್ಲ. ನಾಳೆ ಜಡ್ಜ್ ಸಾಹೇಬ್ರು ಕೇಳಿದ್ರೂ ಇದನ್ನೇ ಹೇಳ್ತೀನಿ."

ಹಾಗೆಂದು, ಕ್ರೀಮು ಪೂರ್ತಿ ನೀರಾಗುವ ಮೊದಲೇ ತಿಂದುಬಿಡಿ ಎಂದು ಚಮಚ ಅವಳ ಕೈಗೆ ಕೊಟ್ಟು ಒಳಗೆ ಹೋದಳು.