ಕಾಕಾನ ವೆಬ್‌ಸೈಟು ಮನೆ ಬದಲಿಸಿದ್ದು

ಧಾರವಾಡದ ಹವೆ ತಮ್ಮ ಸ್ವಂತ ಆಸ್ತಿ ಎಂದು ನಂಬಿದವರು ನಮ್ಮ ಕಾಕಾ ಒಬ್ಬರೇ! ಮಾಳಮಡ್ಡಿಯಲ್ಲಿ ಟೈಪಿಂಗ್ ಕ್ಲಾಸು ನಡೆಸುತ್ತಿದ್ದ ಅವರು, ಹುಡುಗರೆಲ್ಲ ಕಂಪ್ಯೂಟರಿನ ಕಡೆ ಓಡಿದ ಮೇಲೆ ತಾವೂ ಒಂದು ಕಂಪ್ಯೂಟರ್ ತಂದರು. ನನ್ನಿಂದ ಪುಕ್ಕಟೆ ವೆಬ್‌ಸೈಟೊಂದನ್ನು ಮಾಡಿಸಿಕೊಂಡು, ದಿನಾ ಮುಂಜಾನೆ ಅದರಲ್ಲಿ ಮಾಳಮಡ್ಡಿಯ ಹವಾಮಾನ ಬರೆಯತೊಡಗಿದರು. ‘ಇಂದು ಜಿಟಿಜಿಟಿ. ಹಪ್ಪಳ ಒಣಗಿಸಬಾರದು.’ ‘ಇಂದು ಬಿಸಿಲು. ಮಲ್ಲಿಗೆ ಮೂರು ಮೊಗ್ಗು.’

“ಕಾಕಾ, ಮಾಳಮಡ್ಡ್ಯಾಗ ಇರೋರು ಕಿಡಕ್ಯಾಗ ಇಣಿಕಿ ನೋಡ್ತಾರ. ಹೊರಗಿನವರಿಗೆ ಇದು ಯಾಕ ಬೇಕ್ರಿ?” ಎಂದೆ.

“ಬೇಕಾದವರಿಗೆ ಬೇಕಾಕ್ಕೈತಿ. ನೀ ಸುಮ್ನ ಕುಂಡ್ರು.”

ಬೇಕಾದವರು ಯಾರೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಕಾಕಾನ ತಂಗಿ, ನಮ್ಮ ಸಣ್ಣತ್ತಿ, ಬೇರೆ ಜಾತಿಯವರನ್ನು ಮದುವೆಯಾದಾಗ “ಈ ಮನಿ ಹೊಸ್ತಲಾ ತುಳೀಬ್ಯಾಡ” ಎಂದವರು ಇದೇ ಕಾಕಾ. ಆಗಲೇ ಹದಿನೈದು ವರ್ಷದಿಂದ ಇಬ್ಬರ ನಡುವೆ ಮಾತಿರಲಿಲ್ಲ. ತಂಗಿಯ ನೆನಪು ಇಷ್ಟು ಕಾಡುವುದಾದರೆ ಒಂದು ಕಾಗದ ಬರೆಯಬಾರದೇ? ಬರೆದರೆ ತಪ್ಪಾಯಿತು ಅನ್ನಬೇಕಲ್ಲ!

ಸೊಲ್ಲಾಪುರದ ಶಾಲೆಯೊಂದರಲ್ಲಿ ಗಣಿತ ಕಲಿಸುವ ಸಣ್ಣತ್ತಿಯ ಕೈಗೆ ವೆಬ್‌ಸೈಟಿನ ವಿಳಾಸ ಮುಟ್ಟಿಸಿದವಳು ನನ್ನ ಅವ್ವ. ಒಂದು ದಿನ ಪುಟದ ಕೆಳಗೆ ಹೆಸರಿಲ್ಲದ ಒಂದು ಸಾಲು ಕಾಣಿಸಿತು: ‘ಹಿತ್ತಲದಾಗಿನ ಪಾರಿಜಾತ ಇನ್ನೂ ಹೂ ಬಿಡತೈತೇನು?’ ಕಾಕಾ ನೇರವಾಗಿ ಉತ್ತರಿಸಿದರೇ? ಛೇ, ಮಾನದ ಪ್ರಶ್ನೆ! ಮರುದಿನ ‘ಮೋಡ. ಪಾರಿಜಾತ ಒಂದು ಬುಟ್ಟಿ’ ಎಂದು ಹವಾಮಾನದಲ್ಲೇ ಹಾಕಿದರು. ಅಂದಿನಿಂದ, ರಜಾದಿನ ಬಿಟ್ಟರೆ, ಪುಟ ನೋಡಿದವರ ಸಂಖ್ಯೆ ಒಂದು ಏರಿದ ಮೇಲೆಯೇ ಅವರಿಗೆ ಮಧ್ಯಾಹ್ನದ ಊಟ.

ಮೂರು ವರ್ಷದ ನಂತರ ಪುಕ್ಕಟೆ ಸೇವೆಯವರು ಅಂಗಡಿ ಮುಚ್ಚುತ್ತೇವೆ, ತಿಂಗಳೊಳಗೆ ಸಾಮಾನು ಎತ್ತಿಕೊಳ್ಳಿ ಎಂದು ಇ-ಮೇಲ್ ಕಳಿಸಿದರು. ಗೋಕುಲ ರಸ್ತೆಯಲ್ಲಿ ವೆಬ್‌ಸೈಟಿಗೆ ಬಾಡಿಗೆ ಜಾಗ, ಅಂದರೆ ಹೋಸ್ಟಿಂಗ್, ಕೊಡುವವರೊಬ್ಬರನ್ನು ಹುಡುಕಿದೆ. ಜಾಗ ನೋಡದೆ ಕಾಕಾ ಒಪ್ಪುತ್ತಾರೆಯೇ? ನನ್ನ ಜೊತೆ ಅವರ ಆಫೀಸಿಗೇ ಬಂದರು.

“ನಮ್ಮ ಸಾಮಾನು ಎಲ್ಲಿ ಇಡ್ತೀರಿ, ತೋರಸ್ರಿ.”

“ಅದು ಅಮೆರಿಕಾದಾಗ ಇರತೈತ್ರೀ, ಸರ.”

“ಮಾಳಮಡ್ಡಿ ಮಳಿ ಒಯ್ದು ಅಮೆರಿಕಾದಾಗ ಇಡ್ತೀರಿ? ಇಷ್ಟು ದೊಡ್ಡ ಗೋಕುಲ ರಸ್ತಾದಾಗ ಜಾಗಾ ಇಲ್ಲೇನ್ರಿ?”

ಅವರನ್ನು ಹೊರಗೆ ಕರೆತರುವಷ್ಟರಲ್ಲಿ ನನಗೆ ಸಾಕುಬೇಕಾಯಿತು. ಸ್ಥಳಾಂತರಕ್ಕೆ ಸೋಮವಾರ ಗೊತ್ತಾಯಿತು. ಹೊಸ ಮನೆಗೆ ಹೋಗುವಾಗ ಹಾಲುಕ್ಕಿಸಬೇಡವೇ! ಕಂಪ್ಯೂಟರಿನ ಪಕ್ಕದಲ್ಲೇ ಸ್ಟೋ ಇಟ್ಟರು. ಹಾಲು ಶಾಸ್ತ್ರೋಕ್ತವಾಗಿ ಉಕ್ಕಿ ಕೀಬೋರ್ಡಿಗೆ ಇಳಿಯಿತು. ಆ ಕೀಬೋರ್ಡು ಮತ್ತೆ ಏಳಲಿಲ್ಲ, ಬೇರೆ ತಂದು ಕೆಲಸ ಮುಗಿಸಿದೆ. ಹಳೆಯ ಪುಟದ ಮೇಲೆ ಕಾಕಾ ಕೆಂಪಕ್ಷರದಲ್ಲಿ ಹಾಕಿಸಿದರು: ‘ಮನೆ ಬದಲಿಸಿದ್ದೇವೆ. ಹೊಸ ವಿಳಾಸ ಕೆಳಗಿದೆ. ತಪ್ಪದೆ ಬರುವುದು.’

ಯಾರೂ ಬರಲಿಲ್ಲ. ಹೊಸ ಪುಟದ ಸಂಖ್ಯೆ ಸೊನ್ನೆಯಿಂದ ಅಲ್ಲಾಡಲಿಲ್ಲ. ಸ್ಥಳಾಂತರದ ಗಡಿಬಿಡಿಯಲ್ಲಿ ಮರೆತೇಬಿಟ್ಟಿದ್ದೆವು: ಇದು ಮೇ ತಿಂಗಳು, ಶಾಲೆಗೆ ರಜೆ. ಅತ್ತಿ ನೋಡುತ್ತಿದ್ದುದೇ ಶಾಲೆಯ ಕಂಪ್ಯೂಟರಿನಲ್ಲಿ!

ಕಾಕಾ ಸಪ್ಪಗಾದರು. “ರಜಾ ಮುಗಿಯೂದ್ರಾಗ ಹಳೇ ಪುಟ ಮುಚ್ಚಿರತೈತಿ, ಬಂದು ನೋಡಿದ್ರ ಆಕಿಗೆ ಏನೂ ಕಾಣಂಗಿಲ್ಲ. ಅಣ್ಣ ಎರಡನೇ ಸಲಾನೂ ಬಾಗಲಾ ಹಾಕಿದ ಅಂತಾಳ.” ಅವ್ವನ ಕಡೆ ತಿರುಗಿ, “ವೈನಿ, ನೀವ ಒಂದು ಮಾತು ತಿಳಸ್ರಿ,” ಎಂದರು.

“ಹದಿನೆಂಟು ವರ್ಷ ನಾನ ಸುದ್ದಿ ಮುಟ್ಟಿಸೇನಿ. ಈ ಸಲ ನಿಮ್ಮ ಬಾಯಿಲೆ ನೀವ ಹೇಳ್ರಿ,” ಎಂದು ಅವ್ವ ನಂಬರಿನ ಚೀಟಿಯನ್ನು ಫೋನಿನ ಪಕ್ಕ ಇಟ್ಟಳು.

ಚೀಟಿ ಆರು ದಿನ ಅಲ್ಲೇ ಇತ್ತು. ಹಳೆಯ ಪುಟದ ಕೊನೆಯ ದಿನ ಕಾಕಾ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಇಸ್ತ್ರಿಯ ಅಂಗಿ ತೊಟ್ಟು ಫೋನಿನ ಮುಂದೆ ಕುಳಿತರು. ಆ ಕಡೆ “ಹಲೋ” ಕೇಳಿದ್ದೇ ತಡ, ಹೆಂಗಿದ್ದೀ ಎಂದೂ ಕೇಳದೆ, “ಬರಕೋ. ಡಬ್ಲ್ಯೂ, ಡಬ್ಲ್ಯೂ, ಡಬ್ಲ್ಯೂ, ಚುಕ್ಕಿ…” ಎಂದು ಶುರುಮಾಡಿ ವಿಳಾಸವನ್ನೆಲ್ಲ ಒಂದೇ ಉಸಿರಿಗೆ ಮುಗಿಸಿದರು.

ನಾನು ರಿಸೀವರಿಗೆ ಕಿವಿ ಹಚ್ಚಿದೆ.

“ತಿಳೀಲಿಲ್ಲಣ್ಣಾ. ಇನ್ನೊಮ್ಮೆ ಹೇಳು.”

ಹೇಳಿದರು.

“ಇನ್ನೊಮ್ಮೆ.”

ಎಂಥ ಉದ್ದದ ಲೆಕ್ಕವನ್ನೂ ಒಮ್ಮೆ ಕೇಳಿ ಬಾಯಲ್ಲೇ ಬಿಡಿಸುವವಳು ನಮ್ಮ ಅತ್ತಿ. ಅದು ಕಾಕಾನಿಗೂ ಗೊತ್ತಿತ್ತು. ಮೂರನೆಯ ಸಲ ಮುಗಿದಾಗ ಅವಳು ಮತ್ತೆ ಕೇಳಲೂ ಇಲ್ಲ, ಅತ್ತ ಬರೀ ಬಿಕ್ಕು. ಕಾಕಾ ಕಣ್ಣೊರೆಸಿಕೊಂಡು, ಈ ಸಲ ಒಂದೊಂದೇ ಅಕ್ಷರ ಬಿಡಿಸಿ, ನಿಧಾನವಾಗಿ, ಮೊದಲಿನಿಂದ ಹೇಳತೊಡಗಿದರು.