ಗಲ್ಫಿಗೆ ನಿಮಿಷಕ್ಕೆ ಎಷ್ಟು?

ನನ್ನ ಅಣ್ಣ ಫೋನಿನಲ್ಲಿ ಹಲೋ ಅನ್ನುವ ಮೊದಲು ನಿಮಿಷಕ್ಕೆ ಎಷ್ಟು ಅಂತ ಕೇಳುವ ಮನುಷ್ಯ. ನಗಬೇಡಿ. ಅವನ ತಂಗಿಯಾಗಿ ಹುಟ್ಟಿ ನೋಡಿ, ಆಮೇಲೆ ನಗುವಿರಂತೆ!

ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು, ಬರೆದು ಅಭ್ಯಾಸ ಇಲ್ಲ. ಆದರೆ ಅಜ್ಜಿಯಾಗಿದ್ದೇನೆ, ಸುಮ್ಮನಿರಲಿಕ್ಕೆ ಆಗುವುದಿಲ್ಲ. ಹೆಣ್ಣುಮಗು! ಮಗಳು ಗಲ್ಫಿನ ಒಂದು ಆಸ್ಪತ್ರೆಯಲ್ಲಿ ನರ್ಸು, ಹೆರಿಗೆಯೂ ಅಲ್ಲೇ ಆಯಿತು. ಮಗುವಿನ ಫೋಟೊ ದಿನಾ ಬರುತ್ತದೆ. ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ಗುರುತು ಪರಿಚಯ ಇಲ್ಲದವರಿಗೂ ತೋರಿಸಿದ್ದೇನೆ. ಮಾತು ಮಾತ್ರ ಕೇಳುವುದಿಲ್ಲ. ಮೊಬೈಲಿನಲ್ಲಿ ಪುಕ್ಕಟೆ ಮಾತಾಡುವುದಕ್ಕೆ ಆ ದೇಶದಲ್ಲಿ ಪರವಾನಗಿ ಇಲ್ಲವಂತೆ. ದುಡ್ಡು ಕೊಟ್ಟೇ ಮಾತಾಡಬೇಕು. ಹಾಗಂದ ಮೇಲೆ ಅಣ್ಣ ಯಲ್ಲಾಪುರದಿಂದ ಬಸ್ಸು ಹತ್ತಿ ನಮ್ಮನೆಗೆ ಬಾರದೇ ಇರುತ್ತಾನೆಯೇ?

ಅವ ಆಯುಷ್ಯವೆಲ್ಲ ಅಡಿಕೆ ಕೊಂಡು ಮಾರುವ ವಖಾರಿಯಲ್ಲಿ ಕಳೆದವ. ಅಡಿಕೆಯವರಿಗೆ ಒಂದು ಚಾಳಿ ಉಂಟು. ಇವತ್ತಿನ ದರ ಎಂಥದೇ ಇರಲಿ, ನಾಳೆ ನೋಡುವಾ ಅನ್ನುವುದು. ಅಣ್ಣ ಅದನ್ನೇ ಫೋನಿಗೂ ತಂದ. ಒಂದು ಕಂಪನಿಯ ದರ ಕೇಳಿದ, ಇನ್ನೊಂದರದ್ದು ಕೇಳಲಿಕ್ಕೆ ಹೋದ. ಅಲ್ಲಿ ಕಡಿಮೆ ಅಂದರು. ಇವತ್ತೇ ಇಷ್ಟು ಇಳಿಸಿದವ ನಾಳೆ ಇನ್ನೂ ಇಳಿಸದೇ ಬಿಡುತ್ತಾನಾ ಅಂತ ಬರಿಗೈಯಲ್ಲಿ ವಾಪಸ್ಸು ಬಂದ. ಸೆಕೆಂಡಿನ ಲೆಕ್ಕವೋ ಪೂರ್ತಿ ನಿಮಿಷದ್ದೋ, ತಿಂಗಳ ಪ್ಯಾಕು ಹಾಕಿಸಿದರೆ ಹೇಗೆ, ಮಗಳೇ ಅಲ್ಲಿಂದ ಮಾಡಿದರೆ ಹೇಗೆ ಅಂತ ಅವನ ಪ್ರಶ್ನೆ ಮುಗಿಯುವುದಿಲ್ಲ. ಕಡೆಕಡೆಗೆ ರೀಚಾರ್ಜ್ ಅಂಗಡಿಯವ ಇವನ ಕೊಡೆ ಕಂಡ ಕೂಡಲೇ ಚಹಾಕ್ಕೆ ಎದ್ದು ಹೋಗುತ್ತಿದ್ದನಂತೆ.

ದರ ಇಳಿಯುವ ತನಕ ನನ್ನ ಮಾತನ್ನೆಲ್ಲ ಎಲ್ಲಿಡಲಿ ಅಂತ ಕೇಳಿದೆ.

"ಒಣಗ್ಸಿ ಇಡು. ಹಸಿ ಮಾಲಿಗೆ ತೂಕ ಜಾಸ್ತಿ," ಅಂದ.

ತಮಾಷೆಗೆ ಅಂದದ್ದಲ್ಲ. ನಿಜಕ್ಕೂ ನನ್ನನ್ನು ಎದುರಿಗೆ ಕೂರಿಸಿಕೊಂಡು, ಅಡಿಕೆ ಆರಿಸಿದ ಹಾಗೆ ನನ್ನ ಮಾತು ಆರಿಸಿದ. ಮಗುವಿಗೆ ಎಣ್ಣೆ ಹಚ್ಚುವ ಕ್ರಮ, ಒಳ್ಳೆ ಮಾಲು, ಹೋಗಲಿ. ಬಾಣಂತಿಯ ಪಥ್ಯ, ಅದೂ ಹೋಗಲಿ. ಊಟ ಆಯಿತಾ, ಅಲ್ಲಿ ಸೆಖೆಯಾ, ಇದೆಲ್ಲ ಗೋಟು, ಕಡೇ ದರ್ಜೆಯ ಮಾಲು. ಬರೆದು ಕಳಿಸಿದರೆ ಪುಕ್ಕಟೆ. ಆಮೇಲೆ ನನ್ನ ಮುಖ ನೋಡಿ ಮೆಲ್ಲಗೆ ಹೇಳಿದ: "ಮತ್ತೆ, ಅಳೂದೆಲ್ಲ ಇಲ್ಲೇ ಅತ್ತು ಮುಗ್ಸ್ಕ್ಯ. ಅತ್ತರೂ ಮೀಟರು ಓಡ್ತು."

ಮಗುವಿಗೆ ಎರಡಕ್ಷರದ ಹೆಸರು ಸಾಕು ಅಂತಲೂ ಅವನದೇ ಸಲಹೆ. ಫೋನಿನಲ್ಲೇ ಕರೆಯಬೇಕಲ್ಲ!

ಮಗಳು ಬೇರೆಯೇ ಬರೆದು ಕಳಿಸಿದಳು. ಹೆಸರು ಭಾಗೀರಥಿ. ನಾಮಕರಣದ ಮುಹೂರ್ತಕ್ಕೆ ಮಗುವಿನ ಕಿವಿಗೆ ಫೋನು ಹಿಡಿಯುತ್ತಾಳಂತೆ, ಮೊದಲು ಹೆಸರು ಹೇಳುವವಳು ಅಜ್ಜಿಯೇ ಆಗಬೇಕಂತೆ. ಅಷ್ಟು ದೂರ ಹೋಗಿ ಮಗುವನ್ನು ಎತ್ತಿಕೊಳ್ಳಲಿಕ್ಕೆ ನನ್ನಿಂದ ಆಗಲಿಲ್ಲ, ಇದೊಂದಾದರೂ ನನ್ನ ಪಾಲಿಗೆ ಬಂತಲ್ಲ ಅಂತ ಕುಣಿಯುವುದೊಂದು ಬಾಕಿ. ಧ್ವನಿ ಮುದ್ರಿಸಿ ಕಳಿಸು, ಪುಕ್ಕಟೆ ಅಂತ ಅಣ್ಣ ಈಗ ಹೇಳುತ್ತಾನೆ ಅಂತ ಕಾದೆ. ಹೇಳಲಿಲ್ಲ. ಭಾಗೀರಥಿ ನಮ್ಮ ಅಮ್ಮನ ಹೆಸರು. ಕೊಡೆ ತಗೊಂಡು ಪೇಟೆಗೆ ಹೋದವ ಸಂಜೆಯೇ ಬಂದ. ಯಾವ ದರದ ಸುದ್ದಿಯೂ ಎತ್ತಲಿಲ್ಲ.

ನಾಮಕರಣದ ದಿನ ದೇವರಿಗೆ ದೀಪ ಹಚ್ಚಿ ಇಬ್ಬರೂ ಕುಳಿತೆವು. ಕಾಲ್ ಹೋಯಿತು. ಕಿವಿ ಹತ್ತಿರ ಹಿಡಿದಿದ್ದೇನೆ, ಹೇಳಮ್ಮ ಅಂದಳು ಮಗಳು. ಬೆಕ್ಕಿನ ಮರಿಯ ಹಾಗೆ ಸಣ್ಣ ಉಸಿರು ಕೇಳಿತು. ಬಾಯಿ ತೆರೆದೆ. ಹೆಸರು ಬರಲಿಲ್ಲ.

ಹೆತ್ತವಳನ್ನು ಹೆಸರು ಹಿಡಿದು ಕರೆದವರು ಯಾರಿದ್ದಾರೆ ನಮ್ಮ ಕಡೆ? ಅಮ್ಮ ಅಂದದ್ದೇ ಗೊತ್ತು. ಅವಳು ಹೋಗಿ ಇಷ್ಟು ವರ್ಷವಾದರೂ ಆ ಹೆಸರು ನನ್ನ ನಾಲಗೆಗೆ ಒಮ್ಮೆಯೂ ಬಂದದ್ದಿಲ್ಲ. ಕಣ್ಣಲ್ಲಿ ನೀರು. ಅತ್ತ ಮೀಟರು ಓಡುತ್ತಿದೆ. ಹೆದರಿ ಅಣ್ಣನ ಕಡೆ ನೋಡಿದೆ.

"ಅಳು ತಂಗೀ," ಅಂದ. "ಅದಕ್ಕೂ ಸೇರ್ಸೇ ರೀಚಾರ್ಜ್ ಹಾಕ್ಸಿದ್ದೆ. ಎರಡೂ ಕಂಪನಿದು. ಒಂದು ಕಡಿದ್ರೆ ಇನ್ನೊಂದು ಇದ್ದು."

ಸಾಕಾಗುವಷ್ಟು ಅತ್ತೆ. ಆಮೇಲೆ ಹೇಳಿದೆ, ಮೂರು ಸಲ. ಮೂರನೆಯದಕ್ಕೆ ಮಗು ಹೂಂಗುಟ್ಟಿತು. ನಂಬದಿದ್ದರೆ ಬಿಡಿ!

ಅಣ್ಣ ಕೈ ಚಾಚಿದ. ಫೋನು ಕೊಟ್ಟೆ. ಅವನಿಗೂ ಆ ಹೆಸರು ಬರಲಿಲ್ಲ. ಕಿವಿಗೆ ಗಟ್ಟಿಯಾಗಿ ಒತ್ತಿಕೊಂಡು, ಶಾಲೆಯಿಂದ ಬಂದ ಹುಡುಗ ಬಾಗಿಲಲ್ಲೇ ನಿಂತು ಒಳಗೆ ಕೂಗುವ ಹಾಗೆ, "ಅಮ್ಮಾ" ಅಂದ.

ಆ ಕಡೆಯಿಂದ ಉತ್ತರ ಎಲ್ಲಿ ಬರಬೇಕು. ಆದರೂ ಅವ ಫೋನು ಇಡಲಿಲ್ಲ.